ಹಳೆಯ ಆಟಗಳ ಗಂಟು

2020ರ ಜೂನ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ ಸ್ವಿಚ್ ಕನ್ಸೋಲಿಗೆ ‘ಕ್ಲಬ್‌ಹೌಸ್ ಗೇಮ್ಸ್’ ಎಂಬ ಸಂಕಲನ ತಂದಿತು. ಒಟ್ಟು 51 ಆಟ. ಅದರಲ್ಲಿ ಚೆಸ್ ಇದೆ, ಲೂಡೊ ಇದೆ, ಗುಳಿಗಳಿಗೆ ಕಾಳು ಹಂಚುತ್ತ ಹೋಗುವ ಮಂಕಾಲ ಇದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಕಡೆಯ ಅಜ್ಜಿಯೊಬ್ಬರಿಗೆ ಆ ಪರದೆ ತೋರಿಸಿದರೆ ಮಂಕಾಲ ಅಳಗುಳಿಮಣೆಯ ದಾಯಾದಿ ಎಂದು ಕೂಡಲೇ ಗೊತ್ತಾಗುತ್ತದೆ. ಲೂಡೊವಂತೂ ನಮ್ಮ ಪಚ್ಚೀಸಿಯೇ. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು, ಕವಡೆ ಬಿಟ್ಟು ದಾಳ ಹಿಡಿದು ತಿರುಗಿ ಬಂದದ್ದು.

ಹಳೆಯ ಆಟಗಳನ್ನು ಕಲೆಹಾಕಿ ಹೊಸಬರ ಕೈಗಿಡುವ ಈ ವ್ಯಾಪಾರಕ್ಕೆ ಈಗ ‘ರೆಟ್ರೊ’ ಎಂಬ ಹೆಸರು. ಕೆಲಸ ಮಾತ್ರ ಹಳೆಯದು. ಕನ್ನಡ ನಾಡಿನಲ್ಲಿ ಅದಕ್ಕೆ ಸುಮಾರು 900 ವರ್ಷಗಳ ಇತಿಹಾಸವಿದೆ, ಆ ಇತಿಹಾಸ ಶುರುವಾಗುವುದೂ ಅದೇ ಜಿಲ್ಲೆಯ ವಾಡಿಯ ಸುತ್ತಲಿನ ಸೀಮೆಯಲ್ಲೇ.

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 973ರಲ್ಲಿ ಅವರನ್ನು ಕೆಳಗಿಳಿಸಿದ ಚಾಲುಕ್ಯರು ಮುಂದೆ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ ಒಯ್ದರು. ಆ ವಂಶದ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ರಾಜ್ಯಭಾರದಿಂದ ಅಡುಗೆಯವರೆಗೆ, ಆನೆಯಿಂದ ಸಂಗೀತದವರೆಗೆ ಅದರಲ್ಲಿ ಇಲ್ಲದ ವಿಷಯ ಕಡಿಮೆ. ಕೊನೆಯ ಇಪ್ಪತ್ತು ಅಧ್ಯಾಯಗಳು ಪೂರ್ತಿ ಕ್ರೀಡೆಗೆ ಮೀಸಲು. ಜಲಕ್ರೀಡೆ, ಉಯ್ಯಾಲೆ, ಒಗಟುಗಳ ಜೊತೆಗೆ ಚತುರಂಗ, ಪಗಡೆ ದಾಳದ ಆಟ, ಕವಡೆಯಾಟಗಳಿಗೂ ಒಂದೊಂದು ಅಧ್ಯಾಯ ಸಿಕ್ಕಿದೆ. ರಾಜನೊಬ್ಬ ಆಟಗಳನ್ನು ಅಡುಗೆ, ಸಂಗೀತದಷ್ಟೇ ಗಂಭೀರವಾಗಿ ತೆಗೆದುಕೊಂಡು ಕ್ರಮವಾಗಿ ಬರೆದಿಟ್ಟ ಅಪರೂಪದ ಉದಾಹರಣೆ ಇದು. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ 1925ರಿಂದ 1961ರವರೆಗೆ ಮೂರು ಸಂಪುಟಗಳಾಗಿ ಅಚ್ಚಾದ ಮೇಲೆ ಆಟಗಳ ಇತಿಹಾಸಕಾರರು ಇದನ್ನು ಮತ್ತೆ ಮತ್ತೆ ತೆರೆದಿದ್ದಾರೆ.

ಸೋಮೇಶ್ವರ ಬಿಟ್ಟುಹೋದದ್ದು ಮಾತು. ಹಂಪಿಯಲ್ಲಿ ಉಳಿದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿನ ಗುಡಿ, ಮಂಟಪಗಳ ಹಾಸುಗಲ್ಲಿನ ಮೇಲೆ ಗೀರಿದ, ಕೊರೆದ ಆಟದ ಮನೆಗಳು ಸಾಲುಸಾಲಾಗಿವೆ. ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಡೇವಿಡ್ ಗಿಬ್ಸನ್ ಅವುಗಳ ಸಮೀಕ್ಷೆಯನ್ನೇ ಪ್ರಕಟಿಸಿದ್ದಾರೆ. ಗೆರೆಗಳು ಕಣ್ಣೆದುರಿವೆ, ಆದರೆ ಆಡಿದವರು ಯಾವ ಕಟ್ಟಳೆ ಹಾಕಿಕೊಂಡಿದ್ದರು ಎಂಬುದನ್ನು ಕಲ್ಲು ಹೇಳುವುದಿಲ್ಲ.

ಮಾತು ಮತ್ತು ಮನೆ ಎರಡೂ ಒಟ್ಟಿಗೆ ಉಳಿದಿರುವುದು ಚೌಕಾಬಾರದಂಥ ಜನರ ಆಟಗಳಲ್ಲಿ. ಶಹಾಬಾದ್ ಕಲ್ಲು ಹಾಸಿದ ನೆಲ, ಒಂದು ತುಂಡು ಸೀಮೆಸುಣ್ಣ, ನಾಲ್ಕು ಕವಡೆ ಇದ್ದರೆ ಸಾಕು. ಐದಕ್ಕೆ ಐದು ಮನೆ ಬರೆದು, ನಾಲ್ಕು ದಿಕ್ಕಿಗೆ ಕಟ್ಟೆ ಗುರುತಿಸಿ ಕೂತರೆ ಆಟ ಶುರು. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕವಡೆ ಇಲ್ಲದ ಮನೆಯಲ್ಲಿ ಒಂದು ಮಗ್ಗುಲು ಉಜ್ಜಿದ ಹುಣಸೆ ಬೀಜವೂ ನಡೆಯುತ್ತದೆ.

ಇಂಥ ಆಟಗಳನ್ನು ಮತ್ತೊಮ್ಮೆ ಗಂಟು ಕಟ್ಟಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅರಮನೆಯಲ್ಲಿ ಅವರಿಗೆ ಉಳಿದದ್ದು ಪಟ್ಟ ಮತ್ತು ಸಮಯ. ಆ ಸಮಯವನ್ನು ಅವರು ಬಳಸಿಕೊಂಡ ರೀತಿ ಬೆರಗು ಹುಟ್ಟಿಸುವಂಥದ್ದು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಲೆಗಳ ಆಟಗಳು ಬಂದವು; ಅವುಗಳಲ್ಲಿ ದೊಡ್ಡದಕ್ಕೆ 360 ಎಲೆ ಬೇಕು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಬಾರಿ ಮೆಟ್ಟದೆ ಇಡೀ ಪಟ ಸುತ್ತಿಬರುವ ಲೆಕ್ಕವನ್ನು ಬಗೆಬಗೆಯಾಗಿ ಬಿಡಿಸಿ, ರೇಷ್ಮೆಯ ಮೇಲೆ ಅಚ್ಚು ಹಾಕಿಸಿದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಪಟಗಳನ್ನೇ ಚಿತ್ರಿಸಿದ್ದಾರೆ. ಹಳೆಯದನ್ನು ಕಾಪಾಡುವುದರಲ್ಲೇ ಅವರು ನಿಲ್ಲಲಿಲ್ಲ. ಮನೆ ಹೆಚ್ಚಿಸಿದರು, ಎಲೆ ಹೆಚ್ಚಿಸಿದರು, ಹೊಸ ಕಟ್ಟಳೆ ಸೇರಿಸಿದರು.

ಮೈಸೂರಿನಲ್ಲಿ ಈ ಕೆಲಸ ಇನ್ನೂ ನಡೆದಿದೆ. ಮೃಗಾಲಯದ ಎದುರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಪಗಡೆ, ಅಳಗುಳಿಮಣೆ, ಹುಲಿಕಟ್ಟಿನ ಆಟಗಳನ್ನು ಬೇರೆಬೇರೆ ಊರಿನ ಕುಶಲಕರ್ಮಿಗಳಿಂದ ಮಾಡಿಸಿ ಮುಂದಿಡುತ್ತದೆ. ಗಂಜೀಫಾ ರಘುಪತಿ ಭಟ್ಟರು ಮೈಸೂರು ಗಂಜೀಫಾದ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟರು. ಎಲೆಯಾಟದ ಈ ನಂಟು ನಿಂಟೆಂಡೊಗೂ ಇದೆ. 1889ರಲ್ಲಿ ಕ್ಯೋಟೊದಲ್ಲಿ ಅದು ಶುರುವಾದದ್ದು ಹನಾಫುದ ಎಂಬ ಹೂವಿನ ಎಲೆಗಳನ್ನು ಮಾಡುವ ಅಂಗಡಿಯಾಗಿ.

ವಿಡಿಯೋ ಗೇಮ್ ಬಂದಾಗ ಲೆಕ್ಕ ಬದಲಾಯಿತು. ಇಲ್ಲಿ ಪಟವೂ ಕಟ್ಟಳೆಯೂ ಒಂದೇ ಚಿಪ್ಪಿನೊಳಗೆ. ನಮ್ಮಲ್ಲಿ ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದ ಆ ಡಬ್ಬಿಯನ್ನು ಸಿಕ್ಕಿಸಲು ಅದಕ್ಕೆ ಒಗ್ಗುವ ಯಂತ್ರ ಬೇಕೇಬೇಕು. 1990ರ ದಶಕದಲ್ಲಿ ಭಾರತದ ಮಧ್ಯಮವರ್ಗದ ಬಹಳಷ್ಟು ಮನೆಗಳಿಗೆ ಬಂದದ್ದು ನಿಂಟೆಂಡೊದ ಅಸಲಿ ಯಂತ್ರವಲ್ಲ, ಅದರ ನಕಲು. ಮಾರಿಯೋ, ಕಾಂಟ್ರಾ ಆಟಗಳನ್ನು ಒಂದು ಪೀಳಿಗೆ ಕಲಿತದ್ದು ಹಾಗೆ. ಯಂತ್ರ ಕೆಟ್ಟ ಮೇಲೆ ಆಟವೂ ಅಟ್ಟ ಸೇರಿತು.

ಅದನ್ನು ಕೆಳಗಿಳಿಸುವ ಉಪಾಯವೇ ಎಮ್ಯುಲೇಟರ್: ಹೊಸ ಯಂತ್ರವು ಹಳೆಯದರಂತೆ ವರ್ತಿಸಲು ಕಲಿಸುವ ತಂತ್ರಾಂಶ. 2016ರಲ್ಲಿ ನಿಂಟೆಂಡೊ 30 ಆಟ ತುಂಬಿದ ಪುಟ್ಟ ಪೆಟ್ಟಿಗೆಯನ್ನು ಮಾರಿದ್ದು ಇದೇ ಬಲದಿಂದ. 2019ರಲ್ಲಿ ಕೊನಾಮಿ ಕಂಪನಿ ಕಾಂಟ್ರಾ ಆಟಗಳ ಸಂಕಲನವನ್ನು ಹೊಸ ಕನ್ಸೋಲುಗಳಿಗೆ ತಂದಿತು. 2022ರ ‘ಅಟಾರಿ 50’ ಇನ್ನೂ ಮುಂದೆ ಹೋಗಿ ಆಟಗಳ ನಡುವೆ ತಯಾರಕರ ಸಂದರ್ಶನ, ಹಳೆಯ ಕಾಗದಪತ್ರಗಳನ್ನೂ ಪೋಣಿಸಿತು. ಮುಮ್ಮಡಿಯವರು ನೋಡಿದ್ದರೆ ಖಂಡಿತ ಮೆಚ್ಚುತ್ತಿದ್ದರು. ಆದರೂ ಗಂಟಿನಲ್ಲಿ ಸೇರಿದ್ದು ಸ್ವಲ್ಪವೇ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಕೊಳ್ಳಲು ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು.

ನಮ್ಮ ನೆರೆಯಲ್ಲೇ ಒಂದು ಪಾಠವಿದೆ. ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ 2009ರಲ್ಲಿ ‘ದೇಸಿ ಅಡ್ಡಾ’ ಎಂಬ ಆಟವನ್ನು ಸೋನಿಯ ಪ್ಲೇಸ್ಟೇಷನ್ 2 ಮತ್ತು ಪಿಎಸ್‌ಪಿ ಯಂತ್ರಗಳಿಗೆ ತಯಾರಿಸಿತು. ಗಿಲ್ಲಿದಾಂಡು, ಕಬಡ್ಡಿ, ಗಾಳಿಪಟ ಜಾಯ್‌ಸ್ಟಿಕ್ ಹಿಡಿದವರ ಕೈಗೆ ಬಂದವು. ಐದಾರು ವರ್ಷದೊಳಗೆ ಆ ಎರಡೂ ಯಂತ್ರಗಳ ತಯಾರಿಕೆ ನಿಂತಿತು. ಆ ಡಿಸ್ಕ್ ಇಂದು ಯಾರ ಬಳಿಯಾದರೂ ಇದ್ದರೆ ಆಡಲು ಹಳೆಯ ಯಂತ್ರ ಇಲ್ಲವೇ ಎಮ್ಯುಲೇಟರ್ ಹುಡುಕಬೇಕು; ಗಿಲ್ಲಿದಾಂಡುವಿಗೆ ಈಗಲೂ ಎರಡು ಕೋಲು ಸಾಕು.

ಹೀಗಿರುವಾಗ ಕಲ್ಯಾಣ ಕರ್ನಾಟಕದ ನೆಲದಾಟಗಳು ಯಾವುದೋ ಕಂಪನಿಯ ಸಂಕಲನಕ್ಕೆ ಕಾಯುವುದು ಬೇಡ. ಚೌಕಾಬಾರದ ಕಟ್ಟಳೆ ಊರಿಂದ ಊರಿಗೆ ಬದಲಾಗುತ್ತದೆ: ಎಷ್ಟು ಕವಡೆ, ಎಷ್ಟು ಮನೆ, ಎಷ್ಟು ಬಿದ್ದರೆ ಮತ್ತೊಂದು ಸರದಿ, ಜೋಡಿ ಕಾಯಿಯನ್ನು ಕಡಿಯಬಹುದೇ ಇಲ್ಲವೇ. ವಾಡಿ, ಶಹಾಬಾದ್, ಚಿಂಚೋಳಿಯ ಶಾಲೆಗಳು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಒಂದೇ ಮನೆಗೆಲಸ ಕೊಡಲಿ. ಮನೆಯ ಹಿರಿಯರೊಡನೆ ಒಂದು ಆಟ ಆಡಿ, ಅವರ ಕಟ್ಟಳೆಯನ್ನು ಅವರು ಹೇಳಿದ ಮಾತಿನಲ್ಲೇ ಪಟದ ಸಮೇತ ಬರೆದು ತರಲಿ.