ಬಂಪರಿಗೆ ಯಾವ ಎಣ್ಣೆ? - ಒಂದು ಸಣ್ಣ ಇತಿಹಾಸ

ನಮ್ಮೂರು ಅತ್ತಿವೇರಿ. ಮುಂಡಗೋಡ ತಾಲೂಕಿನ ಊರು. ಜಲಾಶಯ ಮತ್ತು ಪಕ್ಷಿಧಾಮದಿಂದಾಗಿ ಹೊರಗಿನವರಿಗೂ ಸ್ವಲ್ಪ ಪರಿಚಯ. ರಜೆ ದಿನ ಹಕ್ಕಿ ನೋಡಲು ಬರುವವರ ಗಾಡಿಗಳು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಹಳೆಯದು ಯಾವುದು ಅಂತ ಹೇಳಲು ನಂಬರ್ ಪ್ಲೇಟ್ ನೋಡಬೇಕಾಗಿಲ್ಲ, ಬಂಪರ್ ನೋಡಿದರೆ ಸಾಕು. ಪೇಂಟ್ ಹೊಡೆಯದ ಕಪ್ಪು ಪ್ಲಾಸ್ಟಿಕ್ ಭಾಗಗಳೆಲ್ಲ (ಬಂಪರ್, ಕನ್ನಡಿಯ ಹಿಂಬದಿ, ಬಾಗಿಲ ಪಟ್ಟಿ, ವೈಪರ್ ಕೆಳಗಿನ ಜಾಲರಿ) ನಾಲ್ಕೈದು ಬೇಸಿಗೆ ಕಂಡ ಮೇಲೆ ಬೂದಿ ಬಳಿದ ಹಾಗೆ ಆಗಿರುತ್ತವೆ.

ಇದಕ್ಕೆ ನಮ್ಮ ಕಡೆ ಎಲ್ಲರ ಹತ್ತಿರವೂ ಒಂದೇ ಔಷಧ. "ಒಂಚೂರು ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕು, ಹೊಸಾದು ಆದಂಗ ಆಗ್ತದ!" ಆಗುತ್ತದೆ ಕೂಡ, ಎರಡು ದಿನದ ಮಟ್ಟಿಗೆ. ಆಮೇಲೆ ಅದರ ಮೇಲೆ ರಸ್ತೆಯ ಕೆಂಪು ಧೂಳೆಲ್ಲ ಬಂದು ಕೂರುತ್ತದೆ. ಒಂದು ಮಳೆ ಬಂದರೆ ಮತ್ತೆ ಬೂದಿ.

ಹಾಗಾದರೆ ಎಣ್ಣೆ ಹಚ್ಚುವ ಈ ಅಭ್ಯಾಸ ನಮಗೆ ಬಂದಿದ್ದಾದರೂ ಎಲ್ಲಿಂದ? ಅದು ಬರೀ ಮೂಢನಂಬಿಕೆಯಾ? ಇಲ್ಲ. ಅದರ ಹಿಂದೆ ದೊಡ್ಡ ತಿಳುವಳಿಕೆಯೇ ಇತ್ತು. ನಾವು ಅದರಲ್ಲಿ ಅರ್ಧ ಮಾತ್ರ ಉಳಿಸಿಕೊಂಡಿದ್ದೇವೆ, ಅಷ್ಟೇ.

*

ಎಣ್ಣೆ ಅಂದರೆ ಇವತ್ತು ನಮಗೆ ಒಗ್ಗರಣೆ, ಇಲ್ಲಾ ತಲೆಗೂದಲು. ಹಿಂದೆ ಹಾಗಿರಲಿಲ್ಲ. ಕನ್ನಡದ ಶಾಸನಗಳನ್ನು ನೋಡಿದರೆ ಗಾಣದ ಮೇಲಿನ ತೆರಿಗೆ, ನಂದಾದೀವಿಗೆಗೆ ಬಿಟ್ಟ ಎಣ್ಣೆ, ಇವುಗಳ ಮಾತು ಮತ್ತೆ ಮತ್ತೆ ಬರುತ್ತದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಅಂತ ಒಬ್ಬರಿದ್ದಾರೆ, ಹೆಸರೇ ಕಸುಬನ್ನು ಹೇಳುತ್ತದೆ. ಗಾಣದಿಂದ ಬಂದ ಎಣ್ಣೆ ಅಡುಗೆಗೆ, ದೀಪಕ್ಕೆ, ಮೈಗೆ, ಗಾಡಿಗೆ, ಬಾಗಿಲಿಗೆ, ದೋಣಿಗೆ, ಚರ್ಮಕ್ಕೆ, ಹೀಗೆ ಎಲ್ಲದಕ್ಕೂ ಬೇಕಿತ್ತು. ಆದರೆ ಎಲ್ಲದಕ್ಕೂ ಒಂದೇ ಎಣ್ಣೆ ಅಲ್ಲ!

ನಮ್ಮೂರು ಇರುವ ಜಾಗ ಈ ವಿಷಯಕ್ಕೆ ಬಹಳ ಅನುಕೂಲವಾಗಿದೆ. ಒಂದು ಕಡೆ ಧಾರವಾಡ, ಹುಬ್ಬಳ್ಳಿಯ ಬಯಲುಸೀಮೆ, ಅಲ್ಲಿ ಕುಸುಬಿ, ಅಗಸಿ. ಇನ್ನೊಂದು ಕಡೆ ಘಟ್ಟ ಇಳಿದರೆ ಕಾರವಾರ, ಕುಮಟಾ, ಅಲ್ಲಿ ಗೇರು, ತೆಂಗು, ಮೀನು. ಎರಡೂ ಕಡೆಯ ಎಣ್ಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಮೊದಲು ಎತ್ತಿನ ಗಾಡಿ. ಅದರ ಅಚ್ಚಿಗೆ ಹಾಕುತ್ತಿದ್ದುದು ಹರಳೆಣ್ಣೆ, ಅದಕ್ಕೆ ಸುಟ್ಟ ಹುಲ್ಲಿನ ಮಸಿ ಕಲಸಿದರೆ ಕೀಲೆಣ್ಣೆ. ಹರಳೆಣ್ಣೆ ದಪ್ಪ, ಎಷ್ಟು ದಿನ ಬಿಟ್ಟರೂ ಒಣಗಿ ಗಟ್ಟಿಯಾಗುವುದಿಲ್ಲ. ತಿರುಗುವ ಜಾಗಕ್ಕೆ ಬೇಕಾದದ್ದೇ ಅದು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ 1909ರಲ್ಲಿ ಇಂಜಿನ್ ಆಯಿಲ್‌ಗೆ ಇದೇ ಹರಳೆಣ್ಣೆ ಬೆರೆಸಿ 'ಕ್ಯಾಸ್ಟ್ರಾಲ್' ಅಂತ ಹೆಸರಿಟ್ಟಿತು. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಅನ್ನುತ್ತಾರಲ್ಲ, ಆ ಹೆಸರು ಬಂದದ್ದು ಅದರಿಂದಲೇ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಇಂಜಿನ್ ಓಡಿದ್ದೂ ಹರಳೆಣ್ಣೆಯ ಮೇಲೆ.

ಈಗ ಬಿಸಿಲು ಮಳೆಗೆ ಸಿಗುವ ವಸ್ತುಗಳು. ಬಾವಿಯಿಂದ ನೀರೆತ್ತುವ ಚರ್ಮದ ಕಪಿಲೆ, ಅದರ ಹಗ್ಗ. ಇವುಗಳಿಗೆ ಕುಸುಬಿ ಬೀಜವನ್ನು ಗಡಿಗೆಯಲ್ಲಿ ಕಾಯಿಸಿ ಇಳಿಸಿದ ಕಪ್ಪು, ಜಿಗುಟಾದ ಎಣ್ಣೆಯನ್ನು ಹಚ್ಚುತ್ತಿದ್ದರು. ತಿನ್ನಲು ಬಾರದ ಎಣ್ಣೆ ಅದು. ಆದರೆ ನೀರು ತಾಗಿದರೂ ಚರ್ಮ ಕೊಳೆಯದಂತೆ ಕಾಯುತ್ತದೆ ಅಂತ ಬ್ರಿಟಿಷರ ಕಾಲದ ಕೃಷಿ ಬರಹಗಳಲ್ಲೂ ದಾಖಲಾಗಿದೆ. ಮರದ ಬಾಗಿಲು ಕಿಟಕಿಗೆ ಅಗಸಿ ಎಣ್ಣೆ. ಕರಾವಳಿಯಲ್ಲಿ ದೋಣಿಗೆ ಮೀನೆಣ್ಣೆ, ಗೇರು ಸಿಪ್ಪೆಯ ಎಣ್ಣೆ. ಗೇರು ಮರ ನಮ್ಮದಲ್ಲ, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಅದರ ಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಸುಡುತ್ತದೆ, ಆದರೆ ಮರಕ್ಕೆ ಹಚ್ಚಿದರೆ ಗೆದ್ದಲು ಹತ್ತಿರ ಬರುವುದಿಲ್ಲ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಹರಳೆಣ್ಣೆಯನ್ನು ಬಾಗಿಲಿಗೆ ಹಚ್ಚಲಿಲ್ಲ, ಅಗಸಿ ಎಣ್ಣೆಯನ್ನು ಗಾಡಿಯ ಕೀಲಿಗೆ ಹಾಕಲಿಲ್ಲ. ಒಳಗೆ ತಿರುಗುವುದಕ್ಕೆ ಒಣಗದ ಎಣ್ಣೆ, ಹೊರಗೆ ಬಿಸಿಲಿಗೆ ನಿಲ್ಲುವುದಕ್ಕೆ ಒಣಗುವ ಎಣ್ಣೆ. ಯಾರೂ ಪುಸ್ತಕ ಓದಿ ಕಲಿತದ್ದಲ್ಲ ಇದು.

*

ಎಣ್ಣೆ 'ಒಣಗುವುದು' ಅಂದರೆ ಏನು? ನೀರು ಒಣಗಿದರೆ ಆವಿಯಾಗಿ ಹೋಗುತ್ತದೆ. ಅಗಸಿ ಎಣ್ಣೆ ಹಾಗಲ್ಲ, ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಕೈ ಹಿಡಿದು, ಗಟ್ಟಿ ಪೊರೆಯಾಗುತ್ತದೆ. ತೂಕ ಕಡಿಮೆಯಾಗುವ ಬದಲು ಸ್ವಲ್ಪ ಹೆಚ್ಚುತ್ತದೆ!

ಜಗತ್ತಿನ ಬೇರೆ ಕಡೆಗಳಲ್ಲೂ ಇದು ಹಳೆಯ ವಿದ್ಯೆ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ ಸುಮಾರು ಏಳನೇ ಶತಮಾನದ ಬೌದ್ಧ ಚಿತ್ರಗಳಿವೆಯಲ್ಲ, ಅವುಗಳ ಬಣ್ಣದಲ್ಲಿ ಒಣಗುವ ಎಣ್ಣೆ ಇದೆ ಅಂತ 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಪೇಂಟ್ ಡಬ್ಬಿಯಲ್ಲಿ ಅಗಸಿ ಎಣ್ಣೆ ಕಟ್ಟಿದ ಕೆನೆ ನೋಡಿ, ಅದರಿಂದಲೇ 1860ರ ದಶಕದಲ್ಲಿ ಲಿನೋಲಿಯಂ ನೆಲಹಾಸು ಮಾಡಿದ. 1884ರಲ್ಲಿ ಹ್ಯೂಬ್ಲ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಅಳೆಯುವ ದಾರಿ ತೋರಿಸಿದ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಅನ್ನುವ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ಎಣ್ಣೆ ಚೆನ್ನಾಗಿ ಒಣಗುತ್ತದೆ. ಸುಮಾರಾಗಿ ಹೀಗೆ:

ಕೊಬ್ಬರಿ ಎಣ್ಣೆ - 6ರಿಂದ 11
ಹರಳೆಣ್ಣೆ - 82ರಿಂದ 90
ಶೇಂಗಾ ಎಣ್ಣೆ - 85ರಿಂದ 105
ಕುಸುಬಿ ಎಣ್ಣೆ - 135ರಿಂದ 150
ಅಗಸಿ ಎಣ್ಣೆ - 170ರಿಂದ 200

ನೋಡಿದ್ರಾ? ನಾವು ಬಂಪರಿಗೆ ಅಂತ ಕೈಗೆತ್ತಿಕೊಳ್ಳುವ ಕೊಬ್ಬರಿ ಎಣ್ಣೆ ಈ ಪಟ್ಟಿಯಲ್ಲಿ ಎಲ್ಲದಕ್ಕಿಂತ ಕೆಳಗೆ :)

*

ಹಾಗಾದರೆ ಈ ಆಯ್ಕೆಯ ಬುದ್ಧಿ ನಮ್ಮ ಮನೆಗಳಿಂದ ಹೋದದ್ದು ಯಾವಾಗ? ನನ್ನ ಪ್ರಕಾರ ಪೇಂಟ್ ಡಬ್ಬಿ ಬಂದಾಗ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಅಲ್ಲೇ. ಆ ಕಾಲದ ಪೇಂಟ್ ಅಂದರೆ ಹೆಚ್ಚಾಗಿ ಅಗಸಿಯಂಥ ಒಣಗುವ ಎಣ್ಣೆಯಲ್ಲಿ ಅರೆದ ಬಣ್ಣದ ಪುಡಿ. ಅಂದರೆ ಯಾವ ಎಣ್ಣೆ ಅನ್ನುವ ಪ್ರಶ್ನೆಗೆ ಉತ್ತರ ಡಬ್ಬಿಯ ಒಳಗೇ ಸೇರಿಹೋಯಿತು. ಮನೆಯವರು ಅದನ್ನು ತಿಳಿದಿರಬೇಕಾದ ಅಗತ್ಯ ಉಳಿಯಲಿಲ್ಲ. ಮನೆಯಲ್ಲಿ ಉಳಿದದ್ದು ಅಡುಗೆಯ ಎಣ್ಣೆ, ತಲೆಯ ಎಣ್ಣೆ.

ಕಾರುಗಳಲ್ಲೂ ಮೊದಲು ಈ ತೊಂದರೆ ಇರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಬಂಪರ್ ಕ್ರೋಮ್ ಬಳಿದ ಉಕ್ಕು. ತುಕ್ಕು ಹಿಡಿಯುತ್ತಿತ್ತು, ಬೂದಿ ಬಣ್ಣಕ್ಕೆ ತಿರುಗುತ್ತಿರಲಿಲ್ಲ. ಇಟಲಿಯಲ್ಲಿ ಜೂಲಿಯೋ ನಟ್ಟಾ 1954ರಲ್ಲಿ ಪಾಲಿಪ್ರೊಪಿಲೀನ್ ತಯಾರಿಸಿದರು, 1963ರಲ್ಲಿ ಅವರಿಗೆ ಕಾರ್ಲ್ ಜೀಗ್ಲರ್ ಜೊತೆ ನೊಬೆಲ್ ಬಂತು. 1972ರಲ್ಲಿ ಫ್ರಾನ್ಸಿನ ರೆನೋ 5 ಕಾರು ಪ್ಲಾಸ್ಟಿಕ್ ಬಂಪರ್ ಹಾಕಿಕೊಂಡು ಬಂತು. ನಮ್ಮಲ್ಲಿ 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಮರುವರ್ಷ ಓಮ್ನಿ. ಹಗುರ, ಅಗ್ಗ, ತುಕ್ಕಿಲ್ಲದ ಪ್ಲಾಸ್ಟಿಕ್ ನಮ್ಮ ಊರೂರಿಗೂ ಬಂದದ್ದು ಹೀಗೆ. 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಆದರೂ ಮುಂಡಗೋಡದ ರಸ್ತೆಯಲ್ಲಿ ಇವತ್ತಿಗೂ ಓಮ್ನಿ ಕಾಣುತ್ತದೆ.

ಪ್ಲಾಸ್ಟಿಕ್ ಬೂದಿಯಾಗುವುದು ಯಾಕೆ? ಮರ ಒಣಗಿದ ಹಾಗೆ ಇದೂ 'ಒಣಗಿದೆ', ಎಣ್ಣೆ ಕುಡಿಸಿದರೆ ಸರಿಯಾಗುತ್ತದೆ ಅಂತ ನಮ್ಮ ಭಾವನೆ. ಆದರೆ ಪಾಲಿಪ್ರೊಪಿಲೀನ್‌ನಲ್ಲಿ ಕಳೆದುಹೋಗಲು ಎಣ್ಣೆ ಇರುವುದೇ ಇಲ್ಲ, ಅದು ಎಣ್ಣೆ ಕುಡಿಯುವುದೂ ಇಲ್ಲ. ಬಿಸಿಲಿನ ನೇರಳಾತೀತ ಕಿರಣ ಮತ್ತು ಆಮ್ಲಜನಕ ಸೇರಿ ಅದರ ಉದ್ದುದ್ದ ಅಣುಸರಪಳಿಗಳನ್ನು ಕತ್ತರಿಸುತ್ತವೆ. ಇದನ್ನು ತಡೆಯಲೆಂದೇ ಕಾರ್ಬನ್ ಕಪ್ಪು ಮತ್ತು ಬೇರೆ ರಾಸಾಯನಿಕಗಳನ್ನು ಬೆರೆಸಿರುತ್ತಾರೆ, ಆದರೆ ಅವೂ ವರ್ಷಗಳಲ್ಲಿ ಸೋಲುತ್ತವೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಏಳುತ್ತವೆ. ಅಲ್ಲಿ ಬೆಳಕು ಚೆಲ್ಲಾಪಿಲ್ಲಿಯಾಗಿ ಚದುರಿ ನಮಗೆ ಬಿಳಿಚಾಗಿ ಕಾಣುತ್ತದೆ.

ಎಣ್ಣೆ ಹಚ್ಚಿದ ಕೂಡಲೇ ಕಪ್ಪಾಗುವುದೂ ಇದೇ ಕಾರಣಕ್ಕೆ. ಬಿರುಕುಗಳನ್ನು ಎಣ್ಣೆ ತುಂಬುತ್ತದೆ. ಎಣ್ಣೆಯ ವಕ್ರೀಭವನ ಸೂಚ್ಯಂಕ ಸುಮಾರು 1.47, ಪಾಲಿಪ್ರೊಪಿಲೀನ್‌ನದು ಸುಮಾರು 1.49. ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೆಳಕಿಗೆ ಬಿರುಕು ಇದ್ದದ್ದೇ ಗೊತ್ತಾಗುವುದಿಲ್ಲ, ಚದುರದೆ ಒಳಗೆ ಹೋಗುತ್ತದೆ. ದೇವಸ್ಥಾನದ ಕಲ್ಲಿನ ವಿಗ್ರಹ ಎಣ್ಣೆ ಸ್ನಾನ ಆದಮೇಲೆ ಕಡುಕಪ್ಪಾಗಿ ಹೊಳೆಯುವುದು, ಒದ್ದೆ ಬಟ್ಟೆ ಗಾಢವಾಗಿ ಕಾಣುವುದು ಎಲ್ಲಾ ಇದೇ ಆಟ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಬಗ್ ಹಾಗೇ ಇದೆ, ಸ್ಕ್ರೀನ್ ಮೇಲೆ ಕಾಣದ ಹಾಗೆ ಮಾಡಿದ್ದೇವೆ ಅಷ್ಟೇ.

ಇದು ಕೆಲವರಿಗೆ ಲಾಭವೂ ಹೌದು. ನಮ್ಮ ಮಾವ ಒಬ್ಬರು ಹಳೆ ಓಮ್ನಿ ಕೊಂಡರು. ಫಳಫಳ ಕಪ್ಪು ಬಂಪರ್ ನೋಡಿ "ನೆರಳಲ್ಲೇ ಇಟ್ಟ ಗಾಡಿ ಇರಬೇಕು" ಅಂದುಕೊಂಡು ಒಂದಿಷ್ಟು ಹೆಚ್ಚೇ ಕೊಟ್ಟರು. ಮೊದಲ ಸಲ ಸೋಪಿನ ನೀರಲ್ಲಿ ತೊಳೆದಾಗ ನಿಜ ಬಣ್ಣ ಹೊರಬಂತು. ಆದ್ದರಿಂದ ಹಳೆ ಗಾಡಿ ನೋಡಲು ಹೋದಾಗ ಬಂಪರ್ ಮೇಲೆ ಒಂದು ಬೆರಳು ಎಳೆದು ನೋಡಿ. ಬೆರಳು ಜಿಡ್ಡಾದರೆ ಎಂಜಿನ್ ಇನ್ನೂ ಸ್ವಲ್ಪ ಜಾಗ್ರತೆಯಿಂದ ನೋಡಿ.

*

ಹಾಗಾದರೆ ಮನೆಯ ಯಾವ ಎಣ್ಣೆಯೂ ಬೇಡವಾ? ಹಚ್ಚಲೇಬೇಕೆಂದರೆ ಹಳಬರ ಲೆಕ್ಕವೇ ಸರಿ. ಬಂಪರ್ ಕೀಲಲ್ಲ, ಬಾಗಿಲು. ಅದಕ್ಕೆ ಬೇಕಾದದ್ದು ಒಣಗುವ ಎಣ್ಣೆ. ಪೇಂಟ್ ಅಂಗಡಿಯಲ್ಲಿ 'ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್' ಅಂತ ಸಿಗುವುದು ಬೇಗ ಒಣಗುವಂತೆ ಮಾಡಿದ ಅಗಸಿ ಎಣ್ಣೆಯೇ. ಬಂಪರನ್ನು ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ತೆಳ್ಳಗೆ ಹಚ್ಚಬೇಕು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ಅಂಟಂಟಾಗುತ್ತದೆ. ಒಂದೆರಡು ದಿನ ಧೂಳು, ಮಳೆ ತಾಗದಂತೆ ನಿಲ್ಲಿಸಿದರೆ ಪೊರೆ ಕಟ್ಟುತ್ತದೆ. ಶಾಶ್ವತವೇನಲ್ಲ, ಕೆಲವು ತಿಂಗಳು ಬರುತ್ತದೆ. ಸ್ಟೀರಿಂಗ್, ಪೆಡಲ್, ಬ್ರೇಕ್, ಟೈರಿನ ನೆಲಕ್ಕೆ ತಾಗುವ ಭಾಗ, ಇವುಗಳ ಹತ್ತಿರ ಯಾವ ಎಣ್ಣೆಯೂ ಹೋಗಬಾರದು. ಡೀಸೆಲ್, ಸೀಮೆಎಣ್ಣೆಯಲ್ಲಿ ಒರೆಸುವವರೂ ಇದ್ದಾರೆ. ಬಾಗಿಲ ಸುತ್ತಲಿನ ರಬ್ಬರಿಗೆ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ.

ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗಲಾಗದೆ, ಬೆಂಕಿಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಅನ್ನುವ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿ ಶುರುವಾದದ್ದು ಮರಕ್ಕೆ ಹಚ್ಚಲು ಬಳಸಿದ ಅಗಸಿ ಎಣ್ಣೆಯ ಚಿಂದಿಯಿಂದ. ನಮ್ಮ ಹಳ್ಳಿ ಮನೆಗಳಲ್ಲಿ ಗಾಡಿ ನಿಲ್ಲಿಸುವ ಪಕ್ಕದಲ್ಲೇ ಹುಲ್ಲಿನ ಬಣವೆ ಇರುತ್ತದೆ. ಬಟ್ಟೆಯನ್ನು ಬಣವೆಯಿಂದ ದೂರ, ಬಯಲಲ್ಲಿ ಒಂಟಿಯಾಗಿ ಹರಡಿ ಒಣಗಿಸಿ, ಇಲ್ಲಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಅಂದಹಾಗೆ, ದೋಣಿಗೆ ಹಚ್ಚುತ್ತಿದ್ದ ಆ ಗೇರು ಸಿಪ್ಪೆಯ ಎಣ್ಣೆ ಕಾರಿನಿಂದ ದೂರವೇನೂ ಉಳಿದಿಲ್ಲ. ಅದರಿಂದ ಮಾಡಿದ ರಾಳದ ಪುಡಿಯನ್ನು ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್‌ಗಳಲ್ಲಿ ಬಳಸುತ್ತಾರೆ. ಗಾಣದ ಕಾಲದವರು ಇನ್ನೂ ನಿಮ್ಮ ಮನೆಯಲ್ಲಿದ್ದರೆ, ಯಾವ ಎಣ್ಣೆಯನ್ನು ಯಾವುದಕ್ಕೆ ಹಚ್ಚುತ್ತಿದ್ದರು ಅಂತ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಪಟ್ಟಿಯಲ್ಲಿ ಇಲ್ಲದ್ದು ಸಿಕ್ಕರೆ ನನಗೂ ತಿಳಿಸಿ.