ಹಸಿವಿಗೆ ಪಾಕ, ರೋಗಕ್ಕೆ ಎಚ್ಚರ: ಶಿರಾ ಸೀಮೆಯ ಹಿತ್ತಲ ಜೇನುಕೃಷಿಯಲ್ಲಿ ಪೂರಕ ಆಹಾರ ಮತ್ತು ಸಿಂಪಡಣೆ

ಪೀಠಿಕೆ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಇರುವ ಬಯಲುಸೀಮೆ. ಇಲ್ಲಿ ಹಿತ್ತಲಲ್ಲಿ ತುಡುವೆ ಜೇನು ಸಾಕುವವರು ಕುಟುಂಬ ಸೊರಗಿದಾಗ ಸಕ್ಕರೆ ಪಾಕ, ಬದಲಿ ಪರಾಗ, ಔಷಧಿ ಸಿಂಪಡಣೆ ಇವುಗಳಲ್ಲಿ ಯಾವುದನ್ನಾದರೂ ಆಶ್ರಯಿಸುತ್ತಾರೆ. ಈ ಮೂರೂ ಬೇರೆ ಬೇರೆ ಕೊರತೆಗಳಿಗೆ ಹೇಳಿದ ಪರಿಹಾರಗಳು. ಸೊರಗಿಗೆ ಕಾರಣ ಹಸಿವೇ, ಪರಾಗದ ಅಭಾವವೇ, ರೋಗವೇ ಎಂದು ಮೊದಲು ಗುರುತಿಸಬೇಕೆಂಬುದು ಈ ಲೇಖನದ ವಾದ.

ಹೂವಿನ ಕಾಲಮಾನ

ಬೇಸಿಗೆಯಲ್ಲಿ ಬೇವು, ಹೊಂಗೆ, ಅನಂತರ ಹುಣಸೆ ಹೂ ಬಿಡುತ್ತವೆ. ಹುಣಸೆ ಮುಗಿದ ಮೇಲೆ ಆಷಾಢದ ಗಾಳಿ, ಮೋಡಗಳ ನಡುವೆ ಮೇವು ತೆಳುವಾಗುತ್ತದೆ. ಆಗ ಹೊಲ ತುಂಬುವ ಕಡಲೆಕಾಯಿ ಸ್ವಪರಾಗಸ್ಪರ್ಶದ ಬೆಳೆ. ಅದರಿಂದ ಜೇನಿಗೆ ದೊರೆಯುವುದು ಅಲ್ಪ. ಮುಂಗಾರು ಕಳೆದು ಹುಚ್ಚೆಳ್ಳು ಅರಳಿದಾಗ ಚೇತರಿಕೆ ಕಾಣುತ್ತದೆ. ಪೂರಕ ಆಹಾರಕ್ಕೆ ಕಾಲ ಈ ನಡುವಿನ ಬಿಡುವು. ಹಸಿದ ತುಡುವೆ ಗೂಡು ಬಿಟ್ಟು ಹಾರಿಹೋಗುವ ಸ್ವಭಾವದ್ದಾದ್ದರಿಂದ ತಡ ಮಾಡಿದರೆ ಪೆಟ್ಟಿಗೆಯೇ ಬರಿದಾಗುತ್ತದೆ.

ಪಾಕ ಮತ್ತು ಪರಾಗ

ಸಕ್ಕರೆ, ನೀರು ಸಮಪ್ರಮಾಣದಲ್ಲಿ ಕರಗಿಸಿದ ಪಾಕ ಮಕರಂದಕ್ಕಷ್ಟೇ ಬದಲಿ. ಮರಿಹುಳುಗಳಿಗೆ ಉಣಿಸುವ ರಸವನ್ನು ದಾದಿ ನೊಣಗಳು ಪರಾಗದ ಪ್ರೋಟೀನಿನಿಂದ ತಯಾರಿಸುತ್ತವೆ. ಎರಿಯಲ್ಲಿ ಪರಾಗವಿಲ್ಲದಿದ್ದರೆ ಪಾಕ ಎಷ್ಟಿದ್ದರೂ ಮರಿ ಬೆಳೆಯದು. ಆಗ ಎಣ್ಣೆ ತೆಗೆದ ಸೋಯಾ ಹಿಟ್ಟು ಅಥವಾ ಹುರಿಗಡಲೆ ಹಿಟ್ಟಿಗೆ ಯೀಸ್ಟ್, ಸಕ್ಕರೆ ಸೇರಿಸಿದ ಮುದ್ದೆ ಉಪಯುಕ್ತ. ಬೆಲ್ಲದ ಪಾಕ ಸಲ್ಲದು. ಅದರಿಂದ ನೊಣಗಳಿಗೆ ಭೇದಿಯಾಗುತ್ತದೆ. ಪಾಕವನ್ನು ಸಂಜೆ, ಪೆಟ್ಟಿಗೆಯೊಳಗೆ, ಎಲ್ಲ ಕುಟುಂಬಗಳಿಗೂ ಒಟ್ಟಿಗೆ ಕೊಟ್ಟರೆ ಪರಸ್ಪರ ಲೂಟಿ ತಪ್ಪುತ್ತದೆ.

ಜೇನು ಕೋಣೆ ಏರಿಸಿದ ಮೇಲೆ ಪಾಕ ನಿಲ್ಲಿಸಲೇಬೇಕು. ಇಲ್ಲವಾದರೆ ಅದು ತುಪ್ಪದೊಂದಿಗೆ ಬೆರೆಯುತ್ತದೆ. ಕಬ್ಬು ಸಿ4 ವರ್ಗದ ಸಸ್ಯ. ಅದರ ಸಕ್ಕರೆಯನ್ನು ಇಂಗಾಲದ ಸಮಸ್ಥಾನಿ ಪರೀಕ್ಷೆ ಪತ್ತೆಹಚ್ಚುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಮಾನದಂಡದಲ್ಲಿ ಸಿ4 ಸಕ್ಕರೆಗೆ ಶೇ. 7ರ ಮಿತಿಯಿದೆ.

ಸಿಂಪಡಣೆಯ ಮಿತಿ

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಕರ್ನಾಟಕದ ತುಡುವೆ ಕುಟುಂಬಗಳನ್ನು ಭಾರಿ ಸಂಖ್ಯೆಯಲ್ಲಿ ನಾಶಮಾಡಿತು. ಅದು ವೈರಸ್‌ನಿಂದ ಬರುವ ರೋಗ. ಪ್ರತಿಜೈವಿಕಗಳು ಅದರ ಮೇಲೆ ಪರಿಣಾಮ ಬೀರುವುದಿಲ್ಲ, ತುಪ್ಪದಲ್ಲಿ ಶೇಷವನ್ನಷ್ಟೇ ಉಳಿಸುತ್ತವೆ. ರೋಗದ ಎರಿ ತೆಗೆದು ನಾಶಮಾಡುವುದು, ರಾಣಿಯನ್ನು ಕೆಲಕಾಲ ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ತಡೆಯುವುದು, ಉಳಿದುಬಂದ ಬಲಿಷ್ಠ ಕುಟುಂಬಗಳಿಂದಲೇ ಸಂತತಿ ಬೆಳೆಸುವುದು ಸರಿಯಾದ ಕ್ರಮ.

ವರೋವಾ ನುಸಿಯ ವಿಷಯದಲ್ಲೂ ಎಚ್ಚರ ಬೇಕು. ತುಡುವೆಯಲ್ಲಿ ಈ ನುಸಿ ಬಹುಮಟ್ಟಿಗೆ ಗಂಡುನೊಣದ ಮರಿಕೋಶಗಳಲ್ಲಿ ಮಾತ್ರ ವೃದ್ಧಿಯಾಗುತ್ತದೆ. ನೊಣಗಳು ಮೈ ಉಜ್ಜಿ ಅದನ್ನು ಕಿತ್ತೆಸೆಯುತ್ತವೆ ಕೂಡ. ಯುರೋಪಿಯನ್ ಜೇನಿಗೆ ಹೇಳಿದ ಆಮ್ಲ, ತೈಲಗಳ ಉಪಚಾರವನ್ನು ತುಡುವೆಗೆ ಹಾಗೆಯೇ ಅನ್ವಯಿಸಲು ಇಲ್ಲಿ ಕಾರಣವಿಲ್ಲ. ಅವುಗಳ ಘಾಟಿಗೆ ಕುಟುಂಬ ಗೂಡು ಬಿಡುವ ಅಪಾಯವೂ ಇದೆ. ಮೇಣದ ಹುಳಕ್ಕೂ ಮದ್ದಿಗಿಂತ ಖಾಲಿ ಎರಿ ತೆಗೆದು ತಳಹಲಗೆ ಶುಚಿಯಾಗಿಡುವುದೇ ಮೇಲು.

ಉಪಸಂಹಾರ

ಪಾಕವು ಕೆಲವು ವಾರಗಳ ಆಸರೆ. ಹುಣಸೆಗೂ ಹುಚ್ಚೆಳ್ಳಿಗೂ ನಡುವೆ ಹೂ ಬಿಡುವ ಗಿಡಗಳನ್ನು ಹಿತ್ತಲು, ಬದುಗಳಲ್ಲಿ ಬೆಳೆಸುವುದು, ಬೆಳೆ ಹೂ ಬಿಟ್ಟಿರುವಾಗ ಕೀಟನಾಶಕ ಹೊಡೆಯದಂತೆ ನೆರೆಹೊಲದವರೊಂದಿಗೆ ಮಾತಾಡಿಕೊಳ್ಳುವುದು ಇವೆರಡೂ ಶಿರಾ ಸೀಮೆಯ ಜೇನುಕೃಷಿಗೆ ಯಾವ ಪೂರಕ ಆಹಾರಕ್ಕಿಂತ ಹೆಚ್ಚು ಅಗತ್ಯ. ತರಬೇತಿಯಲ್ಲೂ ಔಷಧಿಯ ಪಟ್ಟಿಗಿಂತ ಮೊದಲು ಎರಿಯನ್ನು ಓದುವುದನ್ನು, ಊರಿನ ಹೂವಿನ ಲೆಕ್ಕವನ್ನು ಕಲಿಸಬೇಕು.