ಪರದೆ ಸರಿಯುವ ಮುನ್ನ: ಬೆದರಿಸುವ ಟ್ರೇಲರ್‌ಗಳ ಕಥೆ

ಸೂಟು ತೊಟ್ಟ ದಢೂತಿ ವ್ಯಕ್ತಿಯೊಬ್ಬರು ಹೆದ್ದಾರಿ ಬದಿಯ ವಸತಿಗೃಹದ ಮುಂದೆ ನಿಂತು ಪ್ರೇಕ್ಷಕರನ್ನು ಸ್ವಾಗತಿಸುತ್ತಾರೆ. ಮನೆ ಮಾರಲು ಬಂದ ದಲ್ಲಾಳಿಯಂತೆ ಒಂದೊಂದೇ ಕೋಣೆ ತೋರಿಸುತ್ತಾರೆ. ಮೆಟ್ಟಿಲ ಬಳಿ ನಿಂತು, ಇಲ್ಲೊಂದು ಕೊಲೆ ನಡೆಯಿತು ಎನ್ನುತ್ತಾರೆ. ಹೇಗೆಂದು ವಿವರಿಸಲು ಹೊರಟವರು ಮಾತು ಅರ್ಧಕ್ಕೇ ನುಂಗಿಕೊಂಡು ಮುಂದಕ್ಕೆ ನಡೆಯುತ್ತಾರೆ. ಹಿನ್ನೆಲೆಯಲ್ಲಿ ಹಗುರ ಸಂಗೀತ. ಎಲ್ಲೂ ಹೆಣವಿಲ್ಲ, ರಕ್ತವಿಲ್ಲ. ಆದರೂ ನೋಡುವವರ ಎದೆಯಲ್ಲಿ ಸಣ್ಣಗೆ ಅಳುಕು ಶುರುವಾಗಿರುತ್ತದೆ.

ಆ ವ್ಯಕ್ತಿ ಆಲ್‌ಫ್ರೆಡ್ ಹಿಚ್‌ಕಾಕ್. ಅದು 1960ರಲ್ಲಿ ತೆರೆಕಂಡ ‘ಸೈಕೋ’ ಚಿತ್ರದ ಟ್ರೇಲರ್. ಅದರ ಅವಧಿ ಆರು ನಿಮಿಷಕ್ಕೂ ಹೆಚ್ಚು. ಚಿತ್ರದ ಒಂದು ದೃಶ್ಯವನ್ನೂ ಅದರಲ್ಲಿ ಬಳಸಿಲ್ಲ. ಭಯದ ಚಿತ್ರವನ್ನು ತೋರಿಸದೆಯೇ ಮಾರುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಟ್ರೇಲರ್ ಎಂದರೆ ಬಾಲದಂತೆ ಹಿಂದೆ ಎಳೆದುಕೊಂಡು ಬರುವುದು ಎಂದರ್ಥ. ಇಂದು ಚಿತ್ರಕ್ಕೆ ಮೊದಲು ಬರುವ ಈ ತುಣುಕಿಗೆ ಆ ಹೆಸರು ಬರಲು ಕಾರಣವಿದೆ. ಅಮೆರಿಕದಲ್ಲಿ ಮಾರ್ಕಸ್ ಲೋ ಅವರ ಚಿತ್ರಮಂದಿರಗಳ ಪ್ರಚಾರ ನೋಡಿಕೊಳ್ಳುತ್ತಿದ್ದ ನಿಲ್ಸ್ ಗ್ರಾನ್‌ಲಂಡ್ 1913ರಲ್ಲಿ ನಾಟಕವೊಂದರ ಪ್ರಚಾರಕ್ಕಾಗಿ ಇಂಥ ತುಣುಕು ತಯಾರಿಸಿದರು. ಆರಂಭದ ದಿನಗಳಲ್ಲಿ ಇವನ್ನು ಚಿತ್ರ ಮುಗಿದ ನಂತರ ತೋರಿಸುತ್ತಿದ್ದರು. ಚಿತ್ರ ಮುಗಿಯುತ್ತಲೇ ಜನ ಎದ್ದು ಹೋಗುವುದು ಸಹಜ. ಹಾಗಾಗಿ ಬಾಲ ಕ್ರಮೇಣ ತಲೆಯ ಭಾಗಕ್ಕೆ ಬಂತು. ಹೆಸರು ಮಾತ್ರ ಹಾಗೇ ಉಳಿಯಿತು. 1919ರಲ್ಲಿ ಆರಂಭವಾದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಸಂಸ್ಥೆ ಹಾಲಿವುಡ್ ಸ್ಟುಡಿಯೊಗಳಿಗೆ ಟ್ರೇಲರ್ ಮಾಡಿಕೊಡುವುದನ್ನೇ ಕಸುಬಾಗಿಸಿಕೊಂಡಿತು. ಭಾರಿ ಅಕ್ಷರಗಳಲ್ಲಿ ಹೊಗಳಿಕೆಯ ಸಾಲುಗಳು, ನಡುನಡುವೆ ಚಿತ್ರದ ಆಯ್ದ ದೃಶ್ಯಗಳು, ಜೊತೆಗೆ ಅಬ್ಬರದ ಧ್ವನಿ: ಬಹುಕಾಲ ನಡೆದದ್ದು ಇದೇ ಪದ್ಧತಿ. ಸಂತೆಯಲ್ಲಿ ಕೂಗಿ ಮಾರುವ ರೀತಿ ಅದು.

ಪ್ರೇಮಕಥೆಗೋ ಹಾಡು ಕುಣಿತಕ್ಕೋ ಈ ರೀತಿ ಸಾಕಾಗಬಹುದು. ಭಯದ ಚಿತ್ರಕ್ಕೆ ಇಲ್ಲೊಂದು ಇಕ್ಕಟ್ಟಿದೆ. ಏನನ್ನೂ ತೋರಿಸದಿದ್ದರೆ ಜನ ಟಿಕೆಟ್ ಕೊಳ್ಳುವುದಿಲ್ಲ. ಎಲ್ಲವನ್ನೂ ತೋರಿಸಿದರೆ ಚಿತ್ರಮಂದಿರದಲ್ಲಿ ಹೆದರಲು ಏನೂ ಉಳಿಯುವುದಿಲ್ಲ. ಮಬ್ಬುಗತ್ತಲಲ್ಲಿ ಬಿದ್ದಿರುವುದು ಹಗ್ಗವೋ ಹಾವೋ ಎಂದು ತಿಳಿಯದಿರುವ ತನಕ ಮಾತ್ರ ಅದು ಕಾಲನ್ನು ತಡೆದು ನಿಲ್ಲಿಸುತ್ತದೆ. ದೀಪ ತಂದೊಡನೆ ಆಟ ಮುಗಿಯಿತು.

ಹಿಚ್‌ಕಾಕ್ ಪಾಲಿಗೆ ಈ ಇಕ್ಕಟ್ಟು ಸ್ವಂತ ಹಣದ ಪ್ರಶ್ನೆಯೂ ಆಗಿತ್ತು. ‘ಸೈಕೋ’ ಕಥೆಗೆ ಬಂಡವಾಳ ಹೂಡಲು ಪ್ಯಾರಾಮೌಂಟ್ ಸಂಸ್ಥೆ ಹಿಂಜರಿದಾಗ ಅವರು ತಮ್ಮದೇ ಸಂಸ್ಥೆಯ ಮೂಲಕ ಹಣ ಹಾಕಿದರು. ಸಂಭಾವನೆಯ ಬದಲು ಚಿತ್ರದ ಒಡೆತನದಲ್ಲಿ ಪಾಲು ಪಡೆದರು. ತಮ್ಮ ಟಿವಿ ಸರಣಿಯ ತಂತ್ರಜ್ಞರನ್ನೇ ಬಳಸಿಕೊಂಡು ಸುಮಾರು 8 ಲಕ್ಷ ಡಾಲರ್ ವೆಚ್ಚದಲ್ಲಿ ಕಪ್ಪು-ಬಿಳುಪಿನಲ್ಲಿ ಚಿತ್ರ ಮುಗಿಸಿದರು. ನಾಯಕಿಯೆಂದು ಎಲ್ಲರೂ ನಂಬಿದ್ದ ಜಾನೆಟ್ ಲೀ ಅವರ ಪಾತ್ರ ಅರ್ಧ ಚಿತ್ರಕ್ಕೂ ಮೊದಲೇ ಸ್ನಾನದ ಮನೆಯಲ್ಲಿ ಕೊಲೆಯಾಗುತ್ತದೆ. ಈ ಗುಟ್ಟು ಮೊದಲೇ ಬಯಲಾದರೆ ಚಿತ್ರದ ಅರ್ಧ ಶಕ್ತಿ ಹೋದಂತೆಯೇ. ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ಷರತ್ತು ಹಾಕಿದ್ದರ ಹಿಂದೆಯೂ ಇದೇ ಎಚ್ಚರವಿತ್ತು.

ಟ್ರೇಲರ್‌ನ ಜಾಣ್ಮೆ ಇರುವುದು ಇಲ್ಲಿಯೇ. ಕೊಲೆ ನಡೆದದ್ದನ್ನು ಹಿಚ್‌ಕಾಕ್ ಬಚ್ಚಿಡುವುದಿಲ್ಲ. ಸತ್ತವರು ಯಾರು, ಕೊಂದವರು ಯಾರು ಎಂದು ಹೇಳುವುದಿಲ್ಲ. ಕ್ಯಾಮೆರಾ ಅವಸರವಿಲ್ಲದೆ ಅವರ ಹಿಂದೆ ಸಾಗುತ್ತದೆ. ಕೊನೆಗೆ ಸ್ನಾನದ ಮನೆ ಬರುತ್ತದೆ. ಎಲ್ಲವನ್ನೂ ಶುಚಿ ಮಾಡಿಬಿಟ್ಟಿದ್ದಾರೆ ಎಂದು ಅವರು ಬೇಸರಪಟ್ಟುಕೊಳ್ಳುತ್ತಾರೆ. ಕೊಲೆಗಾರ ಸದ್ದಿಲ್ಲದೆ ಬಂದ ಬಗೆಯನ್ನು ಹೇಳುತ್ತಾ ಪರದೆಯತ್ತ ಕೈ ಚಾಚಿ ಸರಕ್ಕನೆ ಎಳೆಯುತ್ತಾರೆ. ತೆರೆಯ ತುಂಬ ಚೀರುವ ಹೆಣ್ಣಿನ ಮುಖ. ಅದರೊಡನೆ ಬರ್ನಾರ್ಡ್ ಹರ್ಮನ್ ಸಂಯೋಜಿಸಿದ ಪಿಟೀಲುಗಳ ಕಿರುಚಾಟ. ಆರು ನಿಮಿಷದ ಸಾವಧಾನವೆಲ್ಲ ಈ ಒಂದು ಕ್ಷಣಕ್ಕಾಗಿ ಮಾಡಿದ ಸಿದ್ಧತೆ.

ಚೀರುವ ಆ ಮುಖ ಜಾನೆಟ್ ಲೀ ಅವರದಲ್ಲ. ಚಿತ್ರದಲ್ಲಿ ಆಕೆಯ ತಂಗಿಯಾಗಿ ನಟಿಸಿದ ವೆರಾ ಮೈಲ್ಸ್ ವಿಗ್ ಧರಿಸಿ ಅಲ್ಲಿ ನಿಂತಿದ್ದರು. ಕಾರಣ ಏನೇ ಇರಲಿ, ಪರಿಣಾಮವಂತೂ ಸ್ಪಷ್ಟ: ಟ್ರೇಲರನ್ನು ಎಷ್ಟು ಸಲ ನೋಡಿದರೂ ಸಾಯುವವಳ ಮುಖ ಸಿಗುವುದಿಲ್ಲ.

ಮುಂದಿನವರು ಈ ಪಾಠವನ್ನು ತಮ್ಮ ತಮ್ಮ ದಾರಿಯಲ್ಲಿ ಬೆಳೆಸಿದರು. ರಿಡ್ಲಿ ಸ್ಕಾಟ್ ಅವರ ‘ಏಲಿಯನ್’ (1979) ಚಿತ್ರದ ಟ್ರೇಲರ್‌ನಲ್ಲಿ ಒಂದೇ ಒಂದು ಸಂಭಾಷಣೆಯಿಲ್ಲ. ಕತ್ತಲಲ್ಲಿ ಮೊಟ್ಟೆಯೊಂದು ಕಾಣುತ್ತದೆ. ಬಿರುಕು ಬಿಟ್ಟು ಒಳಗಿನಿಂದ ಬೆಳಕು ಸೋರುತ್ತದೆ. ಆಮೇಲೆ ಓಡುವ ಜನ, ನಡುಗುವ ಮುಖಗಳು ಕ್ಷಣಕ್ಕೊಂದರಂತೆ ಬಂದು ಹೋಗುತ್ತವೆ. ಸೈರನ್ನಿನಂಥ ಕರ್ಕಶ ಸದ್ದು ಏರುತ್ತಲೇ ಇರುತ್ತದೆ. ಅವರು ಯಾವುದಕ್ಕೆ ಹೆದರಿ ಓಡುತ್ತಿದ್ದಾರೆಂದು ನೋಡುವಷ್ಟು ಹೊತ್ತು ಯಾವ ಚಿತ್ರವೂ ನಿಲ್ಲುವುದಿಲ್ಲ. ಇಲ್ಲಿ ಮರೆಮಾಡುವ ಪರದೆಯ ಕೆಲಸವನ್ನು ಸಂಕಲನವೇ ಮಾಡುತ್ತದೆ.

ಸ್ಟ್ಯಾನ್ಲಿ ಕ್ಯೂಬ್ರಿಕ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ‘ದಿ ಶೈನಿಂಗ್’ (1980) ಚಿತ್ರದ ಮೊದಲ ಟ್ರೇಲರ್‌ನಲ್ಲಿ ಇರುವುದು ಒಂದೇ ಶಾಟ್. ಹೋಟೆಲಿನ ಲಿಫ್ಟ್ ಬಾಗಿಲುಗಳು, ಕದಲದ ಕ್ಯಾಮೆರಾ, ಮೇಲಕ್ಕೆ ಸರಿಯುವ ಹೆಸರುಗಳು, ನಿಧಾನಕ್ಕೆ ಏರುವ ವಿಚಿತ್ರ ಸಂಗೀತ. ಒಬ್ಬ ನಟನೂ ಕಾಣುವುದಿಲ್ಲ. ಕೊನೆಗೆ ಬಾಗಿಲ ಸಂದಿಯಿಂದ ರಕ್ತ ಪ್ರವಾಹದಂತೆ ನುಗ್ಗಿ ಕ್ಯಾಮೆರಾದ ಕಣ್ಣನ್ನೇ ಮುಚ್ಚುತ್ತದೆ. ಎಲ್ಲ ವಯಸ್ಸಿನವರೂ ನೋಡುವ ಟ್ರೇಲರ್‌ನಲ್ಲಿ ರಕ್ತ ತೋರಿಸಲು ಅಮೆರಿಕದ ಚಲನಚಿತ್ರ ಸಂಘದ ಒಪ್ಪಿಗೆ ಇರಲಿಲ್ಲ. ಅದು ತುಕ್ಕು ಬೆರೆತ ನೀರು ಎಂದು ಕ್ಯೂಬ್ರಿಕ್ ಅವರನ್ನು ನಂಬಿಸಿದರಂತೆ. ಇದನ್ನು ಹೇಳಿದವರು ಅವರ ಸಹಾಯಕರಾಗಿದ್ದ ಲಿಯಾನ್ ವಿಟಾಲಿ.

ಮೂರರ ತಂತ್ರವೂ ಬೇರೆ ಬೇರೆ: ಒಂದರಲ್ಲಿ ಅರ್ಧಕ್ಕೆ ನಿಂತ ಮಾತು, ಇನ್ನೊಂದರಲ್ಲಿ ಕಣ್ಣಿಗೆ ಸಿಗದ ವೇಗ, ಮತ್ತೊಂದರಲ್ಲಿ ಕದಲದ ಕ್ಯಾಮೆರಾ. ಮಾಡುವ ಕೆಲಸ ಮಾತ್ರ ಒಂದೇ. ಪ್ರತಿಯೊಂದೂ ಏನನ್ನೋ ಬಿಟ್ಟಿರುತ್ತದೆ. ಆ ಖಾಲಿ ಜಾಗವನ್ನು ಪ್ರೇಕ್ಷಕ ತನ್ನದೇ ಭಯದಿಂದ ತುಂಬಿಕೊಳ್ಳುತ್ತಾನೆ.

ಇಂದು ಟ್ರೇಲರ್ ಅಂಗೈಯಲ್ಲಿರುವ ಮೊಬೈಲಿಗೇ ಬರುತ್ತದೆ. ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಒಂದೊಂದು ಚೌಕಟ್ಟನ್ನೂ ಪರೀಕ್ಷಿಸಬಹುದು. ಎರಡೂವರೆ ನಿಮಿಷದಲ್ಲಿ ಕಥೆಯನ್ನೆಲ್ಲ ಹೇಳಿ ಮುಗಿಸುವ ಟ್ರೇಲರ್‌ಗಳಿಗೂ ಕೊರತೆಯಿಲ್ಲ. ಹಿಚ್‌ಕಾಕ್ ತುಣುಕನ್ನು ಇಂದು ನೋಡುವವರೂ ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಆದರೆ ಮೆಟ್ಟಿಲ ಬಳಿ ಅವರು ನುಂಗಿಕೊಂಡ ಆ ಅರ್ಧ ಮಾತು ಯಾವ ಚೌಕಟ್ಟಿನಲ್ಲೂ ಸಿಗುವುದಿಲ್ಲ.